ಭಿಗವಣದ ಹಿನ್ನೀರಿನಲ್ಲಿ ಒಂದು ದಿನ: ಪುಣೆಯಿಂದ ಹೋಗಿ ವಲಸೆ ಹಕ್ಕಿ ನೋಡಿ ಬರುವುದು ಹೇಗೆ

ಚಳಿ ಶುರುವಾಯಿತು ಅಂದರೆ ಪುಣೆಯ ಕನ್ನಡದ ಗೆಳೆಯರಿಂದ ನನಗೆ ಫೋನು ಬರಲು ಶುರು. "ಭಿಗವಣಕ್ಕೆ ಯಾವಾಗ ಹೋಗೋಣ? ಫ್ಲೆಮಿಂಗೊ ಬಂದಿವೆಯಾ? ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?" ಪ್ರತಿ ಸಲ ಅರ್ಧರ್ಧ ಹೇಳುವುದಕ್ಕಿಂತ ಒಮ್ಮೆ ಎಲ್ಲವನ್ನೂ ಬರೆದುಬಿಡೋಣ ಅನ್ನಿಸಿತು.

ನಾನು ಭೀಮಾ ತೀರದವನು. ವಿಜಯಪುರ ಜಿಲ್ಲೆಯ ಇಂಡಿ ತಾಲೂಕು. "ಉಜನಿಯಿಂದ ನೀರು ಬಿಟ್ಟರಂತೆ" ಅನ್ನುವ ಮಾತು ನಮ್ಮ ಕಡೆ ಮಳೆಗಾಲದಲ್ಲಿ ಭಯ ಹುಟ್ಟಿಸುತ್ತದೆ, ಬೇಸಿಗೆಯಲ್ಲಿ ಆಸೆ ಹುಟ್ಟಿಸುತ್ತದೆ. ಆ ಉಜನಿ ಅಣೆಕಟ್ಟಿನ ಹಿನ್ನೀರಿನ ಒಂದು ತುದಿಯೇ ಭಿಗವಣ. ಅಣೆಕಟ್ಟು ಮುಗಿದದ್ದು 1980ರಲ್ಲಿ. ಸುಮಾರು 117 ಟಿಎಂಸಿ ನೀರು ಹಿಡಿಯುತ್ತದೆ. ಇಷ್ಟು ನೀರು ನಿಂತಾಗ ಎಷ್ಟೋ ಊರು ಮುಳುಗಿದವು. ಪಳಸದೇವದ ಹಳೆಯ ಕಲ್ಲಿನ ಗುಡಿ ಈಗಲೂ ನೀರು ಇಳಿದಾಗ ಹೊರಗೆ ಕಾಣುತ್ತದೆ. ಹೊಲ ಇದ್ದ ಜಾಗದಲ್ಲಿ ಈಗ ಮೊಣಕಾಲುದ್ದದ ನೀರು, ಕೆಸರು, ಕೆಸರಿನಲ್ಲಿ ಹುಳ, ಶಂಖದ ಹುಳು, ಪಾಚಿ. ಮಂಗೋಲಿಯಾ, ಟಿಬೆಟ್, ಸೈಬೀರಿಯಾದಿಂದ ಹಸಿದು ಬರುವ ಹಕ್ಕಿಗೆ ಬೇಕಾದದ್ದು ಇದೇ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಅಪರೂಪದ ಹಕ್ಕಿ ಬೇಕು ಅಂತ ಹೋದವರಿಗೆ ಅಪರೂಪದ್ದು ಸಿಗುವುದು ಕಡಿಮೆ. ಮಾಮೂಲಿ ಹಕ್ಕಿಯನ್ನು ಒಂದೊಂದಾಗಿ ಸಮಾಧಾನದಿಂದ ನೋಡುವವರ ಕಣ್ಣಿಗೇ ಅದು ಬೀಳುವುದು. ಈ ಇಡೀ ಬರಹ ಆ ಸಮಾಧಾನವನ್ನು ಹೇಗೆ ಹೊಂದಿಸಿಕೊಳ್ಳುವುದು ಅನ್ನುವುದರ ಬಗ್ಗೆಯೇ.

ಯಾವ ತಿಂಗಳು, ಯಾವ ವಾರ

ನವೆಂಬರ್‌ನಿಂದ ಮಾರ್ಚ್‌ವರೆಗೆ ಹೋಗಬಹುದು. ಆದರೆ ಕ್ಯಾಲೆಂಡರ್ ಒಂದನ್ನೇ ನಂಬಬೇಡಿ. ಅಣೆಕಟ್ಟಿನ ಮಟ್ಟ ನೋಡಿ. ಮರಾಠಿ ಪೇಪರುಗಳಲ್ಲಿ ಉಜನಿಯಲ್ಲಿ ಶೇಕಡಾ ಎಷ್ಟು ನೀರಿದೆ ಅನ್ನುವುದು ಬರುತ್ತಲೇ ಇರುತ್ತದೆ. ಮಳೆ ಚೆನ್ನಾಗಿ ಬಿದ್ದು ಡಿಸೆಂಬರಿನಲ್ಲೂ ಅಣೆಕಟ್ಟು ತುಂಬಿ ತುಳುಕುತ್ತಿದ್ದರೆ ದಡದ ಕೆಸರೆಲ್ಲ ನೀರಿನಡಿಯಲ್ಲೇ ಇರುತ್ತದೆ. ಆಗ ಬಾತುಗಳು ಕಾಣುತ್ತವೆ. ಆದರೆ ಫ್ಲೆಮಿಂಗೊ, ಗೊರವಗಳಂಥ ಕೆಸರಿನಲ್ಲಿ ನಡೆದು ತಿನ್ನುವ ಹಕ್ಕಿಗಳಿಗೆ ಕಾಲೂರಲು ಜಾಗ ಇರುವುದಿಲ್ಲ. ಕಾಲುವೆಗೆ ನೀರು ಬಿಡುತ್ತಾ ಮಟ್ಟ ಇಳಿದಂತೆ ಕೆಸರಿನ ಪಟ್ಟಿ ತೆರೆದುಕೊಳ್ಳುತ್ತದೆ, ಅವು ಬಂದು ಇಳಿಯುತ್ತವೆ. ನನ್ನ ಅನುಭವದಲ್ಲಿ ಜನವರಿ ಕೊನೆಯಿಂದ ಫೆಬ್ರವರಿ ಮುಗಿಯುವವರೆಗೆ ಒಳ್ಳೆಯ ಕಾಲ.

ಭಾನುವಾರ ಬೇಡ. ಆಗುವುದಾದರೆ ವಾರದ ನಡುವೆ ಒಂದು ರಜೆ ಹಾಕಿ. ಭಾನುವಾರ ಬೆಳಿಗ್ಗೆ ಎಂಟಕ್ಕೆಲ್ಲ ದೋಣಿಗಳ ಸಾಲು ನಿಂತಿರುತ್ತದೆ, ಹಕ್ಕಿ ದೂರ ಸರಿದಿರುತ್ತದೆ.

ಹಿಂದಿನ ವಾರ ಮಾಡಿಕೊಳ್ಳಬೇಕಾದ ತಯಾರಿ

ದುರ್ಬೀನು ಕೊಳ್ಳುವುದಾದರೆ 8x42 ಕೊಳ್ಳಿ. 8 ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, 42 ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಅಂಗಡಿಯವರು 10x, 12x ತೋರಿಸುತ್ತಾರೆ. ದೋಣಿ ಸದಾ ಅಲ್ಲಾಡುತ್ತಿರುತ್ತದೆ, ಪಟ್ಟು ಜಾಸ್ತಿಯಾದಷ್ಟೂ ಅಲ್ಲಾಟವೂ ಜಾಸ್ತಿ ಕಾಣುತ್ತದೆ. 8 ಸಾಕು.

ಕೊಂಡ ಮೇಲೆ ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಬೇಕು. ತುಂಬಾ ಜನ ಇದನ್ನು ಮಾಡುವುದೇ ಇಲ್ಲ, ಆಮೇಲೆ ತಲೆನೋವು ಅನ್ನುತ್ತಾರೆ. ದೂರದ ಒಂದು ಬೋರ್ಡು ನೋಡಿ. ಬಲಗಡೆ ಗಾಜನ್ನು ಅಂಗೈಯಿಂದ ಮುಚ್ಚಿ, ನಡುವಿನ ಚಕ್ರ ತಿರುಗಿಸಿ, ಎಡಗಣ್ಣಿಗೆ ಅಕ್ಷರ ಸ್ಪಷ್ಟ ಕಾಣುವಂತೆ ಮಾಡಿ. ಈಗ ಎಡಗಡೆ ಮುಚ್ಚಿ. ನಡುವಿನ ಚಕ್ರ ಮುಟ್ಟಬೇಡಿ. ಬಲಗಣ್ಣಿನ ಹತ್ತಿರ ಒಂದು ಸಣ್ಣ ಬಳೆ ಇರುತ್ತದೆ, ಅದನ್ನು ಮಾತ್ರ ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಆ ಬಳೆ ನಿಂತ ಜಾಗಕ್ಕೆ ಪೆನ್ನಿನಿಂದ ಒಂದು ಗುರುತು ಹಾಕಿ. ಇನ್ನು ಮೇಲೆ ನಡುವಿನ ಚಕ್ರ ಒಂದೇ ನಿಮ್ಮ ಕೆಲಸ. ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರನ್ನು ಒಳಗೆ ಮಡಚಿ ಅಥವಾ ತಿರುಗಿಸಿ ಇಳಿಸಿಕೊಂಡು ಕನ್ನಡಕದ ಮೇಲೆಯೇ ನೋಡಬೇಕು.

ಆಮೇಲೆ ಒಂದು ಬೆಳಿಗ್ಗೆ ಊರ ಹತ್ತಿರವೇ ಅಭ್ಯಾಸ ಮಾಡಿ. ಹಡಪಸರದಾಚೆ, ಸೊಲ್ಲಾಪುರ ರಸ್ತೆಯಲ್ಲಿ ಲೋಣಿ ಕಾಳಭೋರಕ್ಕೂ ಮುಂಚೆ ಕವಡಿ ಅಂತ ಊರು ಸಿಗುತ್ತದೆ. ಅಲ್ಲಿ ಮುಳಾ-ಮುಠಾ ನದಿಯ ಹಳೆಯ ಒಡ್ಡಿನ ಮೇಲೆ ನಿಂತರೆ ಚಳಿಗಾಲದಲ್ಲಿ ಒಳ್ಳೆಯ ಹಕ್ಕಿಗಳು ಕಾಣುತ್ತವೆ. ನದಿಯ ತುಂಬಾ ನಗರದ ಕೊಳೆ ನೀರು, ನೊರೆ, ಪ್ಲಾಸ್ಟಿಕ್ಕು. ನೋಡಿದರೆ ಹೊಟ್ಟೆ ಉರಿಯುತ್ತದೆ. ಆ ನೊರೆಯ ನಡುವೆಯೇ ಕಿತ್ತಳೆ ಬಣ್ಣದ ಜೋಡಿ ಬಾತುಗಳು ಬಂದು ಕೂತಿರುತ್ತವೆ. ಚಕ್ರವಾಕ ಅಂತ ಕೇಳಿರುತ್ತೀರಿ. ನಮ್ಮ ಹಳೆಯ ಕಾವ್ಯಗಳ ಜಕ್ಕವಕ್ಕಿ ಅದೇ. ರಾತ್ರಿಯೆಲ್ಲ ಅಗಲಿ ಕೂಗುವ ಜೋಡಿ ಅಂತ ಕವಿಗಳು ಬರೆದರು. ಆ ಹಕ್ಕಿ ಲಡಾಖ್, ಟಿಬೆಟ್ ಕಡೆ ಮರಿ ಮಾಡಿ ಚಳಿಗೆ ಇಲ್ಲಿಗೆ ಬರುತ್ತದೆ. ಕವಡಿಯಲ್ಲಿ ಅದನ್ನು ಗುರುತಿಸಲು ಕಲಿತರೆ ಭಿಗವಣದಲ್ಲಿ ಒಂದು ಹೆಸರು ಕಡಿಮೆ ಹುಡುಕಬೇಕು.

ಒಟ್ಟು ಹತ್ತು ಹಕ್ಕಿ ಕಲಿತುಕೊಂಡು ಹೋಗಿ, ಜಾಸ್ತಿ ಬೇಡ: ಮೆಟ್ಟುಗಾಲು ಹಕ್ಕಿ, ನಾಮದ ಕೋಳಿ, ಟಿಟ್ಟಿಭ, ಬಣ್ಣದ ಕೊಕ್ಕರೆ, ಚಮಚ ಕೊಕ್ಕಿನ ಹಕ್ಕಿ, ರೀವ (ಟರ್ನ್), ಬೂದು ಬಕ, ಜಕ್ಕವಕ್ಕಿ, ಕುಂಡೆಕುಸ್ಕ (ವ್ಯಾಗ್‌ಟೇಲ್), ಮಿಂಚುಳ್ಳಿ. ಇವು ಕಣ್ಣಿಗೆ ಪಳಗಿದರೆ ಇವಲ್ಲದ ಹಕ್ಕಿ ತಾನಾಗಿ ಎದ್ದು ಕಾಣುತ್ತದೆ.

ಹೆಸರಿನ ಒಂದು ಗೊಂದಲ

ಇದನ್ನು ಮೊದಲೇ ಹೇಳಿಬಿಡಬೇಕು, ಕನ್ನಡಿಗರು ಎಲ್ಲರೂ ಎಡವುವ ಜಾಗ. ನಾವು ಫ್ಲೆಮಿಂಗೊಗೆ ರಾಜಹಂಸ ಅನ್ನುತ್ತೇವೆ. ಮರಾಠಿಯಲ್ಲಿ ಫ್ಲೆಮಿಂಗೊ ಅಂದರೆ ರೋಹಿತ ಅಥವಾ ಅಗ್ನಿಪಂಖ. ಅವರಿಗೆ ರಾಜಹಂಸ ಅಂದರೆ ಹೆಬ್ಬಾತು. ನನ್ನ ಮೊದಲ ಸಲ ದೋಣಿಯವರಿಗೆ "ರಾಜಹಂಸ ದಾಖವಾ" ಅಂದೆ. ಅವರು ಇಪ್ಪತ್ತು ನಿಮಿಷ ಹುಟ್ಟು ಹಾಕಿ ಒಂದು ನಡುಗಡ್ಡೆಯ ಹತ್ತಿರ ಕರೆದೊಯ್ದು ಬೂದು ಬಣ್ಣದ ಹೆಬ್ಬಾತುಗಳನ್ನು ತೋರಿಸಿದರು. ಗುಲಾಬಿ ಹಕ್ಕಿ ಎಲ್ಲಿ ಅಂತ ನಾನು ಸುತ್ತ ನೋಡುತ್ತಿದ್ದೆ. ಆಮೇಲೆ ಗೊತ್ತಾಯಿತು, ಅವರು ತೋರಿಸಿದ್ದು ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತು.

ಇನ್ನೊಂದು ಹೆಸರು ನನಗೆ ತುಂಬಾ ಇಷ್ಟ. ಕಪ್ಪು ಮೈ, ಹಣೆಯ ಮೇಲೆ ಬಿಳಿ ಗುರುತು ಇರುವ ಹಕ್ಕಿಗೆ ನಾವು ನಾಮದ ಕೋಳಿ ಅನ್ನುತ್ತೇವೆ. ಮರಾಠಿಯಲ್ಲಿ ಅದರ ಹೆಸರು ವಾರಕರಿ. ಪಂಢರಪುರಕ್ಕೆ ನಡೆದು ಹೋಗುವವರ ಹಣೆಯ ಗಂಧ ಅವರ ಕಣ್ಣಿಗೆ ಕಂಡಿತು, ನಮ್ಮವರಿಗೆ ನಾಮ ಕಂಡಿತು. ಇದೇ ಭೀಮಾ ಮುಂದೆ ಪಂಢರಪುರದ ಪಕ್ಕದಲ್ಲೇ ಹರಿದು ನಮ್ಮೂರ ಕಡೆಗೆ ಬರುತ್ತದೆ, ಅಲ್ವಾ. ಚಮಚ ಕೊಕ್ಕಿನ ಹಕ್ಕಿಗೆ ಚಮಚ್ಯಾ, ಬಣ್ಣದ ಕೊಕ್ಕರೆಗೆ ಚಿತ್ರಬಲಾಕ, ಮೆಟ್ಟುಗಾಲಿಗೆ ಶೇಕಾಟ್ಯಾ. ಇಷ್ಟು ಬಾಯಿಗೆ ಬಂದರೆ ದೋಣಿಯವರ ಜೊತೆ ಮಾತು ಸಲೀಸಾಗುತ್ತದೆ.

ಹೊರಡುವುದು

ಪುಣೆಯಿಂದ ಭಿಗವಣಕ್ಕೆ ಸೊಲ್ಲಾಪುರ ಹೆದ್ದಾರಿಯಲ್ಲಿ ನೂರು ಕಿಲೋಮೀಟರಿನ ಆಸುಪಾಸು. ಯವತ, ಪಾಟಸ, ಕುರಕುಂಭ ದಾಟಿ ಹೋಗಬೇಕು. ಜನವರಿಯಲ್ಲಿ ಸೂರ್ಯ ಹುಟ್ಟುವುದು ಏಳು ಗಂಟೆಯ ಹೊತ್ತಿಗೆ. ಬೆಳಿಗ್ಗೆ ನಾಲ್ಕೂವರೆಗೆ ಹಡಪಸರ ಬಿಟ್ಟರೆ ಬೆಳಕು ಹರಿಯುವ ಮೊದಲೇ ನೀರಿನ ಹತ್ತಿರ ಇರುತ್ತೀರಿ. ಕಬ್ಬಿನ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಹೋಗುತ್ತಿರುತ್ತವೆ, ನಿಧಾನ ಓಡಿಸಿ. ಬಸ್ಸಿನಲ್ಲಿ, ರೈಲಿನಲ್ಲಿ ಭಿಗವಣಕ್ಕೆ ಬರಬಹುದು. ಆದರೆ ಬೆಳಗಿನ ಹೊತ್ತು ತಪ್ಪುತ್ತದೆ, ಅಲ್ಲಿಂದ ಹಳ್ಳಿಗೆ ಆಟೋ ಹುಡುಕಬೇಕು. ನಾಲ್ಕು ಜನ ಸೇರಿ ಒಂದು ಕಾರು ಮಾಡಿಕೊಳ್ಳುವುದೇ ಮೇಲು.

ದೋಣಿ ಸಿಗುವುದು ಕುಂಭಾರಗಾಂವ ಮತ್ತು ಡಿಕ್ಸಳದಲ್ಲಿ. ನಾನು ಹೆಚ್ಚಾಗಿ ಕುಂಭಾರಗಾಂವಕ್ಕೆ ಹೋಗುತ್ತೇನೆ. ಅಲ್ಲಿ ಮೀನು ಹಿಡಿಯುವ ಮನೆಯವರೇ ದೋಣಿ ಓಡಿಸುತ್ತಾರೆ, ಮನೆಯಲ್ಲೇ ಊಟ ಹಾಕುತ್ತಾರೆ, ಬೇಕಾದರೆ ಹಿಂದಿನ ರಾತ್ರಿ ಉಳಿದುಕೊಳ್ಳಬಹುದು. ಎರಡು ದಿನ ಮೊದಲೇ ಫೋನು ಮಾಡಿ ದೋಣಿ, ಊಟ ಎರಡನ್ನೂ ಹೇಳಿಡಿ. ಬಾಡಿಗೆ ದೋಣಿಗೆ ಎಷ್ಟು, ಎಷ್ಟು ಹೊತ್ತಿಗೆ ಅನ್ನುವುದನ್ನು ಫೋನಿನಲ್ಲೇ ಮಾತಾಡಿಕೊಳ್ಳಿ. ದಡದಲ್ಲಿ ನಿಂತು ಚೌಕಾಸಿ ಮಾಡುತ್ತಾ ಬೆಳಗಿನ ಬೆಳಕು ಕಳೆದುಕೊಳ್ಳಬೇಡಿ.

ಚೀಲದಲ್ಲಿ ಏನಿರಬೇಕು? ನೀರು, ಟೋಪಿ, ತೆಳು ಸ್ವೆಟರು, ಒಂದು ಸಣ್ಣ ನೋಟುಬುಕ್ಕು, ಪೆನ್ಸಿಲ್ಲು. ದೋಣಿಯ ಮೇಲೆ ಬೆಳಿಗ್ಗೆ ಗಾಳಿ ಕೊರೆಯುತ್ತದೆ, ಹನ್ನೊಂದಕ್ಕೆ ಬಿಸಿಲು ಸುಡುತ್ತದೆ. ಬಟ್ಟೆ ಮಣ್ಣಿನ ಬಣ್ಣದ್ದು, ಎಲೆ ಬಣ್ಣದ್ದು ಇರಲಿ. ಬಿಳಿ ಅಂಗಿ ಬೇಡ. ನಮ್ಮ ಮನೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟುತ್ತಾರೆ. ಕೆಡುವುದಿಲ್ಲ, ವಾಸನೆ ಹರಡುವುದಿಲ್ಲ, ಒಂದು ಕೈಯಲ್ಲಿ ತಿನ್ನಬಹುದು.

ದೋಣಿಯಲ್ಲಿ

ಮೊದಲು ಲೈಫ್ ಜಾಕೆಟ್. ನೀರು ಆಳವಿಲ್ಲ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. 2024ರ ಮೇ ತಿಂಗಳಲ್ಲಿ ಇದೇ ಉಜನಿ ಹಿನ್ನೀರಿನಲ್ಲಿ ಬಿರುಗಾಳಿಗೆ ಸಿಕ್ಕಿ ದೋಣಿ ಮಗುಚಿ 6 ಜನ ತೀರಿಕೊಂಡರು. ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ. ಮಕ್ಕಳಿಗೆ ಅವರ ಅಳತೆಯದು ಇದೆಯಾ ಅಂತ ಫೋನಿನಲ್ಲೇ ಕೇಳಿ. ಗಾಳಿ ಎದ್ದಿತು ಅಂತ ದೋಣಿಯವರು ಹೇಳಿದರೆ ಮಾತಿಲ್ಲದೆ ತಿರುಗಿ ಬನ್ನಿ.

ಹತ್ತುವ ಮೊದಲೇ ದೋಣಿಯವರಿಗೆ ಮೂರು ಮಾತು ಹೇಳಿ: "ದಾದಾ, ಹಳೂ ಘ್ಯಾ. ಲಾಂಬೂನಚ್ ಬಘತೊ. ಉಡವೂ ನಕಾ." ನಿಧಾನ ಹೋಗಿ, ದೂರದಿಂದಲೇ ನೋಡುತ್ತೇವೆ, ಹಾರಿಸಬೇಡಿ. ಇದು ಯಾಕೆ ಹೇಳಬೇಕು ಅಂದರೆ ಎಷ್ಟೋ ಜನ ಹಾರುವ ಫೋಟೋ ಬೇಕು ಅಂತ ಕೇಳುತ್ತಾರೆ. ದೋಣಿಯವರು ಪಾಪ, ನಮಗೂ ಅದೇ ಬೇಕು ಅಂದುಕೊಂಡು ಗುಂಪಿನ ನಡುವೆ ನುಗ್ಗಿಸುತ್ತಾರೆ. ಫ್ಲೆಮಿಂಗೊ ಸುಮ್ನೆ ಎದ್ದು ಹಾರುವ ಹಕ್ಕಿಯಲ್ಲ. ನೀರಿನ ಮೇಲೆ ಹತ್ತಾರು ಹೆಜ್ಜೆ ಓಡಿ, ರೆಕ್ಕೆ ಬಡಿದು, ಆಮೇಲೆ ಮೇಲೇರಬೇಕು. ಚಳಿಗಾಲದಲ್ಲಿ ವಲಸೆ ಹಕ್ಕಿ ತಿಂದು ಮೈಯಲ್ಲಿ ಕೊಬ್ಬು ಕೂಡಿಡುವುದು ಮರಳಿ ಹೋಗುವ ಸಾವಿರಾರು ಕಿಲೋಮೀಟರಿಗೆ. ನಾವು ಒಂದು ಫೋಟೋಗೆ ಹಾರಿಸಿದ್ದು ಆ ಗಂಟಿನಿಂದ ಖರ್ಚಾಗುತ್ತದೆ. ಒಂದು ಬೆಳಿಗ್ಗೆ ಹತ್ತು ದೋಣಿ ಹೀಗೆ ಮಾಡಿದರೆ ಅದು ತಿನ್ನುವುದು ಯಾವಾಗ?

ಹತ್ತಿರ ಹೋಗುವುದಕ್ಕೆ ಒಂದು ಪದ್ಧತಿ ಇದೆ. ಸೂರ್ಯ ನಿಮ್ಮ ಬೆನ್ನಿಗೆ ಇರುವಂತೆ ದೋಣಿ ತಿರುಗಿಸಲು ಹೇಳಿ, ಆಗಲೇ ಬಣ್ಣ ಸರಿಯಾಗಿ ಕಾಣುವುದು. ನೇರ ಹಕ್ಕಿಯ ಕಡೆ ಹೋಗಬೇಡಿ, ಓರೆಯಾಗಿ, ದಾಟಿಕೊಂಡು ಹೋಗುವವರ ಹಾಗೆ ಸಾಗಿ. ಇಂಜಿನ್ ಇದ್ದರೆ ದೂರದಲ್ಲೇ ಬಂದ್ ಮಾಡಿಸಿ ಕೋಲಿನಿಂದ ತಳ್ಳಲು ಹೇಳಿ. ನಿಮ್ಮ ಕಣ್ಣು ಹಕ್ಕಿಯ ಕುತ್ತಿಗೆಯ ಮೇಲಿರಲಿ. ಫ್ಲೆಮಿಂಗೊಗಳು ತಲೆ ನೀರೊಳಗಿಟ್ಟು ತಿನ್ನುತ್ತಿದ್ದರೆ ಎಲ್ಲವೂ ಸರಿ. ನಾಲ್ಕಾರು ತಲೆ ಮೇಲೆದ್ದವು, ಎಲ್ಲವೂ ಒಂದೇ ದಿಕ್ಕಿಗೆ ಬಿರಬಿರನೆ ನಡೆಯತೊಡಗಿದವು ಅಂದರೆ ನೀವು ಈಗಾಗಲೇ ಜಾಸ್ತಿ ಹತ್ತಿರ ಬಂದಿದ್ದೀರಿ. ಅಲ್ಲೇ ನಿಲ್ಲಿಸಿ. ಐದು ನಿಮಿಷ ಮಾತಾಡದೆ ಕೂತರೆ ತಲೆಗಳು ಮತ್ತೆ ಕೆಳಗೆ ಹೋಗುತ್ತವೆ. ಆಗ ಕೇಳಿಸಿಕೊಳ್ಳಿ. ಕೊಕ್ಕನ್ನು ತಲೆಕೆಳಗೆ ಮಾಡಿ ಕೆಸರು ನೀರು ಸೋಸುವಾಗ ಮೆಲ್ಲಗೆ ಪಚಪಚ ಅನ್ನುವ ಸದ್ದು ಬರುತ್ತದೆ. ಗುಂಪಿನೊಳಗೆ ಹೆಬ್ಬಾತಿನಂತೆ ಸಣ್ಣಗೆ ಗೊಣಗುತ್ತಿರುತ್ತವೆ. ಮಾಸಲು ಕಂದು ಬಣ್ಣದವು ಕಂಡರೆ ಅವು ಮರಿಗಳು. ಗುಲಾಬಿ ಬರುವುದು ತಿನ್ನುವ ಪಾಚಿ, ಸಣ್ಣ ಸಿಗಡಿಯಂಥ ಜೀವಿಗಳಿಂದ, ಅದಕ್ಕೆ ವರ್ಷಗಳೇ ಬೇಕು.

ಚುರುಮುರಿ, ಶೇವು ಎಸೆದು ಕಡಲಕ್ಕಿಗಳನ್ನು (ಗಲ್) ಕರೆಯುವುದನ್ನೂ ಮಾಡಬೇಡಿ, ಮಾಡಿಸಬೇಡಿ. ಕರಿದ ತಿಂಡಿ ಅವುಗಳ ಊಟವಲ್ಲ.

ಗುಂಪನ್ನು ಬಿಡಿಸಿ ನೋಡುವುದು

ಇಲ್ಲಿಂದ ಮುಂದಿನದೇ ನಿಜವಾದ ಕೆಲಸ. ನಿಮ್ಮೆದುರು ಕೆಸರಿನ ಪಟ್ಟಿ ಇದೆ, ಅದರ ಮೇಲೆ ಮುನ್ನೂರು ಹಕ್ಕಿ. ಮೊದಲ ಸಲ ನೋಡಿದವರಿಗೆ ಎಲ್ಲ ಒಂದೇ ಥರ ಕಾಣುತ್ತವೆ.

ಎಡತುದಿಯಿಂದ ಶುರು ಮಾಡಿ. ದುರ್ಬೀನನ್ನು ಎಡದಿಂದ ಬಲಕ್ಕೆ ನಿಧಾನವಾಗಿ, ಓದುವ ಹಾಗೆ ಸರಿಸಿ. ಪ್ರತಿ ಹಕ್ಕಿಯ ಮೇಲೂ ಕಣ್ಣು ನಿಲ್ಲಬೇಕು. ಮೊದಲ ಸುತ್ತಿನಲ್ಲಿ ಗಾತ್ರ ಮಾತ್ರ ನೋಡಿ: ಗುಬ್ಬಿಯಷ್ಟಾ, ಗೊರವಂಕದಷ್ಟಾ, ಕೋಳಿಯಷ್ಟಾ? ಎರಡನೇ ಸುತ್ತಿನಲ್ಲಿ ಕೊಕ್ಕು: ನೇರವಾ, ಕೆಳಗೆ ಬಾಗಿದೆಯಾ, ಮೇಲೆ ಬಾಗಿದೆಯಾ, ತಲೆಯ ಎಷ್ಟು ಪಟ್ಟು ಉದ್ದ? ಮೂರನೇ ಸುತ್ತು ಕಾಲಿನ ಬಣ್ಣ. ನಾಲ್ಕನೆಯದು, ಅದು ತಿನ್ನುವ ರೀತಿ: ಓಡಿ ನಿಂತು ಕುಟುಕುತ್ತದಾ, ಹೊಲಿಗೆ ಯಂತ್ರದ ಸೂಜಿಯಂತೆ ಒಂದೇ ಕಡೆ ಚುಚ್ಚುತ್ತದಾ, ಪಕ್ಕದಿಂದ ಪಕ್ಕಕ್ಕೆ ಬೀಸುತ್ತದಾ? ಬಣ್ಣ ಕೊನೆಗೆ. ಚಳಿಗಾಲದ ಗೊರವಗಳು ಹೆಚ್ಚುಕಡಿಮೆ ಎಲ್ಲವೂ ಬೂದು ಕಂದು, ಬಣ್ಣ ನಂಬಿದರೆ ಮೋಸ ಹೋಗುತ್ತೀರಿ.

ಈ ಸುತ್ತು ಹೊಡೆಯುವುದರ ಬೆಲೆ ನನಗೆ ಗೊತ್ತಾದದ್ದು ಅಕ್ಕನ ಮಗಳಿಂದ. ಆರನೇ ಕ್ಲಾಸಿನ ಹುಡುಗಿ, ಸಂಕ್ರಾಂತಿ ರಜೆಗೆ ವಿಜಯಪುರದಿಂದ ಬಂದಿದ್ದಳು. ನಾವು ದೊಡ್ಡವರು ನಾಲ್ಕು ಜನ ದೂರದ ಫ್ಲೆಮಿಂಗೊಗಳ ಕಡೆ ಬಾಯಿ ಬಿಟ್ಟು ನೋಡುತ್ತಿದ್ದೆವು. ಅವಳ ಕೈಗೆ ನನ್ನ ಹಳೆಯ ದುರ್ಬೀನು ಕೊಟ್ಟು, ಹತ್ತಿರದ ಮೆಟ್ಟುಗಾಲು ಹಕ್ಕಿ ಎಣಿಸು ಅಂದಿದ್ದೆ. ಕಪ್ಪು ರೆಕ್ಕೆ, ಬಿಳಿ ಮೈ, ಗುಲಾಬಿ ಕಡ್ಡಿಗಾಲು. ಅರವತ್ತರ ಮೇಲೆ ಇದ್ದವು. ಅವಳು ಬೆರಳು ಮಡಚುತ್ತಾ ಎಣಿಸುತ್ತಿದ್ದಳು. ನಲವತ್ತರ ಹತ್ತಿರ ನಿಂತುಬಿಟ್ಟಳು. "ಮಾಮಾ, ಇದರ ಚುಂಚು ಮ್ಯಾಲಕ್ಕ ಬಾಗೇದ ನೋಡು!" ನಾನು ನೋಡಿದೆ. ಅದೂ ಕಪ್ಪು ಬಿಳಿಯೇ. ಆದರೆ ಕಾಲು ನೀಲಿ ಬೂದು, ತಲೆಯ ಮೇಲೆ ಕಪ್ಪು ಟೋಪಿ, ಕೊಕ್ಕು ತೆಳ್ಳಗೆ ಮೇಲಕ್ಕೆ ಬಾಗಿದೆ. ತಲೆ ಬಗ್ಗಿಸಿ ನೀರನ್ನು ಎಡಕ್ಕೆ ಬಲಕ್ಕೆ ಕುಡುಗೋಲು ಬೀಸಿದ ಹಾಗೆ ಬೀಸುತ್ತಿತ್ತು. ಆವೊಸೆಟ್! ಭಿಗವಣದಲ್ಲಿ ನನಗೆ ಅದುವರೆಗೆ ಸಿಕ್ಕಿರದ ಹಕ್ಕಿ. ಎಣಿಸುತ್ತಿದ್ದವಳಿಗೆ ಸಿಕ್ಕಿತು, ಹುಡುಕುತ್ತಿದ್ದ ನಮಗಲ್ಲ. ಅಂದಿನಿಂದ ನಾನು ಯಾವ ಗುಂಪು ಕಂಡರೂ ಮೊದಲು ಎಣಿಸುತ್ತೇನೆ.

ಇನ್ನು ಕೆಲವು ಹಕ್ಕಿಗಳಿಗೆ ಏನೇನು ನೋಡಬೇಕು ಅಂತ ಹೇಳುತ್ತೇನೆ.

ಪಟ್ಟೆತಲೆ ಹೆಬ್ಬಾತು: ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು, ಹಳದಿ ಕಾಲು. ಬೆಳಿಗ್ಗೆ ಹೊಲಗಳಲ್ಲಿ ಮೇಯ್ದು ಬಿಸಿಲೇರಿದ ಮೇಲೆ ನೀರಿನಂಚಿಗೆ ಬಂದು ವಿಶ್ರಾಂತಿ ಮಾಡುತ್ತವೆ. ಉಪಗ್ರಹದ ಟ್ಯಾಗ್ ಕಟ್ಟಿ ಅಧ್ಯಯನ ಮಾಡಿದಾಗ ಹಿಮಾಲಯದಲ್ಲಿ 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವುದೂ ಇದೇ ಹಕ್ಕಿ. ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿಗೆ ಸೇರಿತು. ಕೆಲವು ಹೆಬ್ಬಾತುಗಳ ಕುತ್ತಿಗೆಗೆ ಅಕ್ಷರ ಬರೆದ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಕಂಡರೆ ಪಟ್ಟಿಯ ಬಣ್ಣ, ಅಕ್ಷರ, ಅಂಕಿ, ಅಕ್ಷರದ ಬಣ್ಣ ಎಲ್ಲ ತಕ್ಷಣ ಬರೆದುಕೊಳ್ಳಿ, ಫೋಟೋ ತೆಗೆಯಿರಿ. ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರೆ ಆ ಹಕ್ಕಿ ಯಾವ ಕೆರೆಯಿಂದ ಹೊರಟಿತ್ತು ಅನ್ನುವುದು ತಿಳಿಯಲು ದಾರಿಯಾಗುತ್ತದೆ. 1883ರಲ್ಲಿ ಶುರುವಾದ ಈ ಸಂಸ್ಥೆ ಹಕ್ಕಿಗಳಿಗೆ ಉಂಗುರ ಹಾಕುವ ಕೆಲಸವನ್ನು ದಶಕಗಳಿಂದ ಮಾಡುತ್ತಾ ಬಂದಿದೆ.

ಕಡಲಕ್ಕಿಗಳು: ಸಮುದ್ರದಿಂದ ಇಷ್ಟು ಒಳಗೆ ಕಡಲಕ್ಕಿ ಯಾಕೆ ಅಂತ ಕೇಳುತ್ತಾರೆ. ಕಂದುತಲೆಯ ಕಡಲಕ್ಕಿ ಮರಿ ಮಾಡುವುದೇ ಲಡಾಖ್, ಟಿಬೆಟ್‌ನ ಸರೋವರಗಳಲ್ಲಿ, ಅದಕ್ಕೆ ಸಮುದ್ರವೇ ಆಗಬೇಕೆಂದಿಲ್ಲ. ಚಳಿಗಾಲದಲ್ಲಿ ತಲೆಯ ಬಣ್ಣ ಹೋಗಿ ಕಿವಿಯ ಹತ್ತಿರ ಒಂದು ಮಸಿ ಚುಕ್ಕೆ ಉಳಿದಿರುತ್ತದೆ, ಕರಿತಲೆಯದಕ್ಕೂ ಹಾಗೇ. ಬೇರೆ ಮಾಡುವುದು ಹೇಗೆ? ಕಣ್ಣು ನೋಡಿ. ದೊಡ್ಡ ಕಂದುತಲೆಗೆ ಬಿಳಿಚಿದ ಕಣ್ಣು, ಕರಿತಲೆಗೆ ಕಪ್ಪು ಕಣ್ಣು. ಹಾರುವಾಗ ರೆಕ್ಕೆಯ ಕಪ್ಪು ತುದಿಯೊಳಗೆ ಬಿಳಿ ಕಿಟಕಿ ಕಂಡರೆ ಕಂದುತಲೆ, ರೆಕ್ಕೆಯ ಮುಂಗಡೆ ಉದ್ದಕ್ಕೂ ಬಿಳಿ ಅಂಚು ಕಂಡರೆ ಕರಿತಲೆ. ಇವೆರಡರ ನಡುವೆ ಅಪ್ಪನ ಹಾಗೆ ದೊಡ್ಡದೊಂದು ನಿಂತಿದ್ದು, ಹಳದಿ ಕೊಕ್ಕಿನ ತುದಿಯಲ್ಲಿ ಕಪ್ಪು ಪಟ್ಟಿ ಇದ್ದರೆ ಅದು ಪಲ್ಲಾಸ್ ಗಲ್. ಫೆಬ್ರವರಿ ಕೊನೆಗೆ ಹೋದರೆ ಅದರ ತಲೆ ಪೂರ್ತಿ ಕಪ್ಪಾಗಿರುತ್ತದೆ.

ಗಾಡ್ವಿಟ್: ಉದ್ದ ನೇರ ಕೊಕ್ಕು, ಬುಡದಲ್ಲಿ ಗುಲಾಬಿ. ಹಾರಿದಾಗ ರೆಕ್ಕೆಯಲ್ಲಿ ದಪ್ಪ ಬಿಳಿ ಪಟ್ಟೆ, ಬಾಲದ ತುದಿ ಕಪ್ಪು. ನೂರಾರು ಇರುತ್ತವೆ. ಆ ಬಿಳಿ ಪಟ್ಟೆಯಿಲ್ಲದೆ ಒಂದು ಹಾರಿದರೆ ಬಿಡಬೇಡಿ, ಅದು ಬೇರೆಯದು.

ಇಡೀ ಕೆಸರಿನ ಹಕ್ಕಿಗಳು ಒಮ್ಮೆಗೇ ಧಡಕ್ಕನೆ ಎದ್ದವು ಅಂದುಕೊಳ್ಳಿ. ಆಗ ಗುಂಪು ನೋಡಬೇಡಿ, ಆಕಾಶ ನೋಡಿ. ಬೇಟೆ ಹಕ್ಕಿ ಬಂದಿದೆ ಅಂತಲೇ ಅರ್ಥ. ಜೊಂಡಿನ ಮೇಲೆ ರೆಕ್ಕೆಯನ್ನು ವಿ ಆಕಾರಕ್ಕೆ ಎತ್ತಿ ತೇಲುವುದು ಜೌಗು ಸೆಳೆವ. ನೀರಿನ ನಡುವಿನ ಕಂಬದ ಮೇಲೆ ಬಿಳಿ ಎದೆ, ಕಣ್ಣಿನ ಮೇಲೆ ಕಪ್ಪು ಪಟ್ಟಿ ಇಟ್ಟುಕೊಂಡು ಕೂತದ್ದು ಆಸ್ಪ್ರೆ. ಅದು ಕಾಲು ಮುಂದೆ ಮಾಡಿ ನೀರಿಗೆ ಬೀಳುತ್ತದೆ, ಮೀನಿನ ತಲೆಯನ್ನು ಮುಂದಕ್ಕೆ ತಿರುಗಿಸಿ ಹಿಡಿದು ಹೊತ್ತೊಯ್ಯುತ್ತದೆ. ಹಾಗೆ ಹಿಡಿದರೆ ಗಾಳಿಯ ತಡೆ ಕಡಿಮೆ. ಇದು ಕಂಡರೆ ಬೇರೆ ಎಲ್ಲ ಬಿಟ್ಟು ನೋಡಿ.

ಹತ್ತು ಗಂಟೆಯ ಮೇಲೆ ನೀರಿನ ಮೇಲೆ ಬಿಸಿಗಾಳಿ ನಡುಗತೊಡಗುತ್ತದೆ, ದೂರದ ಹಕ್ಕಿ ಅಲೆಯಂತೆ ಕಾಣುತ್ತದೆ. ದಡಕ್ಕೆ ಬನ್ನಿ.

ಮಧ್ಯಾಹ್ನ ಮತ್ತು ಸಂಜೆ

ಊಟಕ್ಕೆ ಚಿಲಾಪಿ ಮೀನು, ಜೋಳದ ಭಾಕರಿ. ಮೀನು ತಿನ್ನದವರಿಗೆ ಕಡಲೆಹಿಟ್ಟಿನ ಪಿಠಲ ಸಿಗುತ್ತದೆ, ನಮ್ಮ ಜುಣಕದ ಅಣ್ಣತಮ್ಮ. ಊಟವಾದ ಮೇಲೆ ಒಂದು ಗಂಟೆ ನೆರಳಿನಲ್ಲಿ ಮಲಗಿ, ಸಂಕೋಚ ಬೇಡ. ಹಕ್ಕಿಗಳೂ ಆಗ ಮಲಗಿರುತ್ತವೆ.

ಶಕ್ತಿ ಇದ್ದರೆ ಸಂಜೆ ಇಂದಾಪುರ ತಾಲೂಕಿನ ಕಡಬನವಾಡಿ ಹುಲ್ಲುಗಾವಲಿಗೆ ಹೋಗಿ. ಅರಣ್ಯ ಇಲಾಖೆಯ ಜಾಗ, ಮುಂಚೆಯೇ ಬುಕ್ ಮಾಡಿ, ಅವರ ಗೈಡ್ ಜೊತೆಗೇ ಹೋಗಬೇಕು. ಚಿಂಕಾರ ಅನ್ನುವ ಹುಲ್ಲೆಗಳು ಕಾಣುತ್ತವೆ, ಅದೃಷ್ಟವಿದ್ದರೆ ತೋಳ. ಆದರೆ ನಾನು ಹೋಗುವುದು ಸೆಳೆವಗಳಿಗೆ. ಮಧ್ಯ ಏಷ್ಯಾದ ಬಯಲಿನಿಂದ ಬಂದ ಮಾಸಲು ಸೆಳೆವ, ಮಾಂಟೆಗ್ಯು ಸೆಳೆವಗಳು ಹಗಲೆಲ್ಲ ಮಿಡತೆ, ಇಲಿ, ಸಣ್ಣ ಹಕ್ಕಿ ಹಿಡಿದು ತಿಂದು, ಸಂಜೆ ಹುಲ್ಲಿನ ನಡುವೆ ನೆಲದ ಮೇಲೆಯೇ ಒಟ್ಟಿಗೆ ಮಲಗುತ್ತವೆ. ಮರದ ಮೇಲಲ್ಲ, ನೆಲದ ಮೇಲೆ. ಹಾಗಾಗಿ ದಾರಿ ಬಿಟ್ಟು ಹುಲ್ಲಿಗೆ ಕಾಲಿಡಲೇಬಾರದು. ಜನವರಿಯಲ್ಲಿ ಸೂರ್ಯ ಮುಳುಗುವುದು ಆರೂ ಕಾಲರ ಹೊತ್ತಿಗೆ. ಐದೂವರೆಗೆ ಗೈಡ್ ತೋರಿಸಿದ ಜಾಗದಲ್ಲಿ ಸುಮ್ನೆ ನಿಲ್ಲಿ. ಒಂದು ಬರುತ್ತದೆ, ಒಂದು ಸುತ್ತು ಹೊಡೆಯುತ್ತದೆ, ಹುಲ್ಲೊಳಗೆ ಇಳಿದು ಕಾಣೆಯಾಗುತ್ತದೆ. ಇನ್ನೊಂದು ಬರುತ್ತದೆ.

ಬರೆದಿಡುವುದು

ಈ ಕೆಲಸವನ್ನು ಮನೆಗೆ ಹೋಗಿ ಮಾಡೋಣ ಅಂದುಕೊಂಡರೆ ಆಗುವುದಿಲ್ಲ. ದೋಣಿ ಹತ್ತಿದ ಕೂಡಲೇ ಫೋನಿನಲ್ಲಿ ಇಬರ್ಡ್ ಅನ್ನುವ, ಕಂಡ ಹಕ್ಕಿಗಳನ್ನು ದಾಖಲಿಸುವ ಆ್ಯಪ್ ತೆರೆದು ಪಟ್ಟಿ ಶುರು ಮಾಡಿ. ಹೊತ್ತು, ದೂರ ಅದೇ ಲೆಕ್ಕ ಇಡುತ್ತದೆ. ಕಂಡ ಎಲ್ಲ ಹಕ್ಕಿಯನ್ನೂ ಹಾಕಿ, ಕಾಗೆಯನ್ನೂ ಬಿಡದೆ. ದೊಡ್ಡ ಗುಂಪು ಎಣಿಸುವುದು ಹೀಗೆ: ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ಅನ್ನುವುದನ್ನು ಕಣ್ಣಲ್ಲಿಟ್ಟುಕೊಂಡು, ಅಂಥ ಎಷ್ಟು ಜಾಗಗಳಿವೆ ನೋಡಿ. ಸುಮ್ಮನೆ ತುಂಬಾ ಇದ್ದವು ಅಂತ ಬರೆಯುವುದಕ್ಕಿಂತ ಈ ಅಂದಾಜು ಎಷ್ಟೋ ಮೇಲು.

ಅಪರೂಪದ್ದು ಕಂಡಿತು ಅನ್ನಿಸಿದರೆ ಪುಸ್ತಕ ತೆರೆಯುವ ಮೊದಲೇ ನೋಟುಬುಕ್ಕಿನಲ್ಲಿ ಬರೆಯಿರಿ. ಪುಸ್ತಕ ನೋಡಿದ ಮೇಲೆ ಮನಸ್ಸು ಕಾಣದ್ದನ್ನೂ ಕಂಡಿತು ಅನ್ನುತ್ತದೆ. ಪಕ್ಕದಲ್ಲಿದ್ದ ಹಕ್ಕಿಗಿಂತ ದೊಡ್ಡದಾ ಚಿಕ್ಕದಾ, ಕೊಕ್ಕು, ಕಾಲು, ಏನು ಮಾಡುತ್ತಿತ್ತು, ಬೆಳಕು ಯಾವ ಕಡೆಯಿಂದ ಇತ್ತು. ಕೆಟ್ಟದಾದರೂ ಒಂದು ಚಿತ್ರ ಬರೆಯಿರಿ. ಮೊಬೈಲನ್ನು ದುರ್ಬೀನಿನ ಗಾಜಿಗೆ ಒತ್ತಿ ಹಿಡಿದು ತೆಗೆದ ಮಸುಕು ಫೋಟೋ ಕೂಡ ಉಪಯೋಗಕ್ಕೆ ಬರುತ್ತದೆ. ಇಬರ್ಡ್‌ನಲ್ಲಿ ಅಪರೂಪದ ಹಕ್ಕಿ ಹಾಕಿದರೆ ವಿವರ ಕೇಳುತ್ತದೆ, ಸ್ಥಳೀಯವಾಗಿ ಹಕ್ಕಿ ಬಲ್ಲವರು ನೋಡಿ ಒಪ್ಪಬೇಕು. ಅವರು ಪ್ರಶ್ನೆ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ, ಬರೆದದ್ದನ್ನು ಹಾಗೇ ಕಳಿಸಿ. ಗೂಡು ಕಂಡಿದ್ದರೆ ಮಾತ್ರ ಜಾಗವನ್ನು ಎಲ್ಲೂ ಹಾಕಬೇಡಿ.

ಹೀಗೆ ಬರೆಯುವುದು ರೂಢಿಯಾದರೆ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತದೆ, ಅದಕ್ಕೆ ಸೇರಿಕೊಳ್ಳಿ. 1987ರಿಂದ ನಡೆಯುತ್ತಿದೆ, ಎಣಿಸುವ ಕೈಗಳು ಎಷ್ಟಿದ್ದರೂ ಬೇಕು. ಅಕ್ಕನ ಮಗಳು ಈಗ ಎಂಟನೇ ಕ್ಲಾಸು. ಮುಂದಿನ ಜನವರಿಗೆ ಅವಳ ಅಳತೆಯ ಲೈಫ್ ಜಾಕೆಟ್ ಇಡಲು ಕುಂಭಾರಗಾಂವದ ದಾದಾಗೆ ಈಗಲೇ ಹೇಳಿದ್ದೇನೆ.